ಕಮಡೋರ್ ಡೇಟಾಸೆಟ್‌ಗೆ ಪಿಕೊ ಜೋಡಿಸುವುದು: ಹಳೇ ಕ್ಯಾಸೆಟ್‌ನಿಂದ ಪ್ರೋಗ್ರಾಂ ಹೊರತೆಗೆಯಲು ಒಂದು ಬೋರ್ಡು

ನನ್ನ ಸೋದರಮಾವ ಜರ್ಮನಿಯಿಂದ ಮೈಸೂರಿಗೆ ವಾಪಸು ಬಂದಾಗ ತಂದಿದ್ದ ಒಂದು ರಟ್ಟಿನ ಡಬ್ಬ ಬಹಳ ವರ್ಷ ಅಟ್ಟದ ಮೇಲೇ ಇತ್ತು. ಒಳಗೆ ಒಂದು ಕಮಡೋರ್ ಡೇಟಾಸೆಟ್ (ಕಮಡೋರ್ ಕಂಪ್ಯೂಟರಿನ ಪ್ರೋಗ್ರಾಂಗಳನ್ನು ಕ್ಯಾಸೆಟ್‌ಗೆ ಬರೆದು ಓದುವ ಟೇಪ್ ಯಂತ್ರ), ಹನ್ನೊಂದು ಕ್ಯಾಸೆಟ್. ಕಮಡೋರ್ 64 ಕಂಪ್ಯೂಟರ್ ಮಾತ್ರ ಇರಲಿಲ್ಲ. ಅದನ್ನು ಅಲ್ಲೇ ಯಾರಿಗೋ ಕೊಟ್ಟು ಬಂದಿದ್ದರಂತೆ. ಕ್ಯಾಸೆಟ್‌ಗಳ ಮೇಲೆ ಮಾಮನ ಕೈಬರಹ, 1986ರ ತಾರೀಕುಗಳು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮಾಮೂಲಿ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಲ್ಯಾಪ್‌ಟಾಪಿಗೆ ವೈರ್ ಎಳೆದು, ಹಾಡಿನ ಹಾಗೆ ರೆಕಾರ್ಡ್ ಮಾಡಿಕೊಂಡೆ. ಹನ್ನೊಂದರಲ್ಲಿ ನಾಲ್ಕು ಬಂದವು. ವಾಲ್ಯೂಮ್ ಹೆಚ್ಚಾದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಕಡಿಮೆಯಾದರೆ ಗದ್ದಲದಲ್ಲಿ ಮುಳುಗುತ್ತದೆ. ವಾರವಿಡೀ ನಾಬ್ ತಿರುಗಿಸಿದ ಮೇಲೆ ಹೊಳೆಯಿತು: ಸಿಗ್ನಲ್ ತಿದ್ದುವ ಕೆಲಸ ಡೇಟಾಸೆಟ್ ಒಳಗೇ ಆಗುತ್ತದಲ್ಲ, ಅದನ್ನು ಬಿಟ್ಟು ನಾನ್ಯಾಕೆ ಒದ್ದಾಡಬೇಕು? ನಮಗೆ ಬೇಕಿರುವುದು ಒಂದು ಒಳ್ಳೇ ಗಡಿಯಾರ, ಅಷ್ಟೇ. ಆ ಗಡಿಯಾರವೇ, ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಪುಟ್ಟ ಮೈಕ್ರೊಕಂಟ್ರೋಲರ್ ಇಟ್ಟು ಮಾಡಿದ ಈ ಬೋರ್ಡು.

ಡೇಟಾಸೆಟ್ ಏನು ಕೊಡುತ್ತದೆ

ನೋಡಲು ಟೇಪ್ ರೆಕಾರ್ಡರಿನ ಹಾಗೇ ಇದ್ದರೂ ಇದಕ್ಕೆ ಸ್ಪೀಕರ್ ಇಲ್ಲ, ವಾಲ್ಯೂಮ್ ಇಲ್ಲ, ಆಡಿಯೊ ಸಾಕೆಟ್ ಇಲ್ಲ. ಹೆಡ್‌ನಿಂದ ಬರುವ ಸಣ್ಣ ಅಲೆಯನ್ನು ಒಳಗಿನ ಸರ್ಕ್ಯೂಟ್ ದೊಡ್ಡದು ಮಾಡಿ, ಅಂಚು ಚೂಪು ಮಾಡಿ, 5 ವೋಲ್ಟಿನ ಚೌಕ ಪಲ್ಸ್ ಆಗಿಸಿ ಹೊರಗೆ ಕಳಿಸುತ್ತದೆ. ಕಮಡೋರ್ 64 ಆ ಪಲ್ಸ್ ಕೆಳಗಿಳಿಯುವ ಕ್ಷಣವನ್ನು ಮಾತ್ರ ಗಮನಿಸುತ್ತದೆ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಎಷ್ಟು ಸಮಯ ಹಿಡಿಯಿತು ಅನ್ನುವುದೇ ಮಾಹಿತಿ. ಬೇರೇನೂ ಇಲ್ಲ.

ಡೇಟಾಸೆಟ್‌ನ ಪ್ಲಗ್‌ನಲ್ಲಿ ಆರು ಸಂಪರ್ಕಗಳಿವೆ. ಕ್ರಮವಾಗಿ: 1 ಗ್ರೌಂಡ್, 2 ಐದು ವೋಲ್ಟ್, 3 ಮೋಟರ್, 4 ರೀಡ್, 5 ರೈಟ್, 6 ಸೆನ್ಸ್. ಮೋಟರಿಗೆ ಸುಮಾರು 6 ವೋಲ್ಟ್ ಬೇಕು. ಸೆನ್ಸ್ ಅನ್ನುವುದು ಸುಮ್ನೆ ಒಂದು ಸ್ವಿಚ್: ಯಾವುದಾದರೂ ಗುಂಡಿ ಒತ್ತಿದರೆ ಅದು ಗ್ರೌಂಡಿಗೆ ಸೇರುತ್ತದೆ. ಯಾವ ಗುಂಡಿ ಅಂತ ಅದು ಹೇಳುವುದಿಲ್ಲ. ಪ್ಲೇ ಒತ್ತಿದರೂ ಅದೇ, ರೆಕಾರ್ಡ್ ಜೊತೆಗೆ ಒತ್ತಿದರೂ ಅದೇ.

ಅದಕ್ಕೇ ಸಾಲ್ಡರಿಂಗ್ ಐರನ್ ಬಿಸಿಯಾಗುವ ಮೊದಲು ಒಂದು ಕೆಲಸ ಮುಗಿಸಿಬಿಡಿ. ಪ್ರತಿ ಕ್ಯಾಸೆಟ್‌ನ ಬೆನ್ನಿನ ಮೇಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ಟೇಪ್ ಕಾಣುವ ಬದಿ ಕೆಳಗಿರುವಂತೆ ಹಿಡಿದರೆ, ನಿಮ್ಮ ಎದುರಿಗಿರುವ ಸೈಡಿನದು ಮೇಲೆ ಎಡಗಡೆ ಇರುತ್ತದೆ. ಇನ್ನು ಕೈತಪ್ಪಿಯೂ ರೆಕಾರ್ಡ್ ಗುಂಡಿ ಒಳಗೆ ಹೋಗುವುದಿಲ್ಲ.

ಒಂದು ಎಚ್ಚರಿಕೆ: ಕಮಡೋರ್ 16 ಮತ್ತು ಪ್ಲಸ್/4 ಜೊತೆ ಬಂದ 1531 ಮಾದರಿಯ ಡೇಟಾಸೆಟ್‌ಗೆ ದುಂಡನೆಯ ಬೇರೆ ಪ್ಲಗ್ ಇದೆ. ಇಲ್ಲಿನ ಪಿನ್ ಕ್ರಮ ಅದಕ್ಕಲ್ಲ.

ಬೇಕಾದ ಸಾಮಾನು

ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ. ಒಂದು ರಾಸ್ಪ್‌ಬೆರಿ ಪೈ ಪಿಕೊ, ಹಳೇದೇ ಸಾಕು. ಒಂದು 7806 ರೆಗ್ಯುಲೇಟರ್, ಒಂದು ಐಆರ್‌ಎಫ್9540 ಮಾಸ್‌ಫೆಟ್, ಒಂದು ಬಿಸಿ547 ಟ್ರಾನ್ಸಿಸ್ಟರ್, ಒಂದು 1ಎನ್4007 ಡಯೋಡ್. ರೆಸಿಸ್ಟರುಗಳಲ್ಲಿ 4.7 ಕಿಲೊ ಓಮ್‌ನದು ಒಂದು, 10 ಕಿಲೊ ಓಮ್‌ನವು ನಾಲ್ಕು, 20 ಕಿಲೊ ಓಮ್‌ನದು ಒಂದು. 0.33 ಮತ್ತು 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, 100 ಮೈಕ್ರೊಫ್ಯಾರಡ್‌ನದೊಂದು. 9 ವೋಲ್ಟ್, 1 ಆಂಪಿಯರ್ ಅಡಾಪ್ಟರ್. ಮುಂದೆ ಟೇಪಿಗೆ ಬರೆಯುವ ಆಸೆಯೂ ಇದ್ದರೆ ಒಂದು 74ಎಚ್‌ಸಿಟಿ125 ಐಸಿ. ಜೊತೆಗೆ 1.6 ಮಿಲಿಮೀಟರ್ ದಪ್ಪದ, ತಾಮ್ರ ಹೊದಿಸಿದ ಪಿಸಿಬಿ ತುಂಡು.

ಈ ತುಂಡು ಯಾಕೆಂದರೆ, ಡೇಟಾಸೆಟ್‌ನ ಪ್ಲಗ್ ಬೋರ್ಡಿನ ಅಂಚನ್ನು ಕಚ್ಚಿಕೊಳ್ಳುವ ಜಾತಿಯದು. ಪ್ಲಗ್ ಕತ್ತರಿಸಿ ವೈರ್‌ಗಳನ್ನು ನೇರ ಸಾಲ್ಡರ್ ಮಾಡಿಬಿಡೋಣ ಅನಿಸುತ್ತದೆ. ದಯವಿಟ್ಟು ಬೇಡ. ತುಂಡಿನ ಅಂಚಿನಲ್ಲಿ 3.96 ಮಿಲಿಮೀಟರ್ ಅಂತರಕ್ಕೆ ಆರು ತಾಮ್ರದ ಪಟ್ಟಿ ಉಳಿಯುವಂತೆ ಚಾಕುವಿನಿಂದ ಕೆರೆದರೆ ನಿಮ್ಮದೇ ಕಮಡೋರ್ ಪೋರ್ಟ್ ಸಿದ್ಧ.

2 ಮತ್ತು 3ನೇ ಪಟ್ಟಿಗಳ ನಡುವೆ ಗರಗಸದಿಂದ ಒಂದು ಕಚ್ಚು ಹಾಕಲೇಬೇಕು. ಪ್ಲಗ್ ಒಳಗಿನ ತಡೆ ಅದರಲ್ಲಿ ಕೂರುತ್ತದೆ, ತಲೆಕೆಳಗಾಗಿ ಹಾಕಲು ಆಗುವುದಿಲ್ಲ. ತಲೆಕೆಳಗಾದರೆ 3ರ ಜಾಗಕ್ಕೆ 4 ಬರುತ್ತದೆ, ಅಂದರೆ ಮೋಟರಿನ 6 ವೋಲ್ಟ್ ನೇರ ರೀಡ್ ಸರ್ಕ್ಯೂಟಿಗೆ ನುಗ್ಗುತ್ತದೆ. ಮೊದಲ ತುಂಡಿನಲ್ಲಿ ನಾನು ಕಚ್ಚು ಹಾಕಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಪ್ಲಗ್ ಉಲ್ಟಾ ಹಾಕಿದೆ. ಅಡಾಪ್ಟರ್ ಇನ್ನೂ ಚುಚ್ಚಿರಲಿಲ್ಲ, ಬಚಾವ್.

ಮೊದಲು ಯಂತ್ರ, ಆಮೇಲೆ ಎಲೆಕ್ಟ್ರಾನಿಕ್ಸ್

ಇಷ್ಟು ಹಳೇ ಡೇಟಾಸೆಟ್‌ನಲ್ಲಿ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ ಅಥವಾ ಕರಗಿ ಅಂಟಾಗಿರುತ್ತದೆ. ಬದಲಾಯಿಸಿ. ಹೆಡ್, ಟೇಪ್ ಎಳೆಯುವ ಉಕ್ಕಿನ ಕಡ್ಡಿ, ಅದಕ್ಕೆ ಒತ್ತುವ ರಬ್ಬರ್ ರೋಲರ್, ಈ ಮೂರನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಕಾಟನ್ ಬಡ್‌ನಿಂದ ಒರೆಸಿ. ಬಡ್‌ಗೆ ಕಂದು ಬಣ್ಣ ಅಂಟುವುದು ನಿಲ್ಲುವವರೆಗೂ ಒರೆಸಿ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇಟ್ಟಿದ್ದ ಕ್ಯಾಸೆಟ್ ಆದರೆ ಕಿಟಕಿಯಿಂದ ಟೇಪ್ ಸುರುಳಿಯ ಅಂಚು ನೋಡಿ. ಬಿಳೀ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ನೇರವಾಗಿ ಪ್ಲೇ ಮಾಡಿದರೆ ಬೂಷ್ಟು ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಬೇರೆ ಇಟ್ಟು, ಒಣಗಿಸಿ, ಒರೆಸಿ, ಎಲ್ಲಕ್ಕಿಂತ ಕೊನೆಗೆ ಓದಿ. ಚೆನ್ನಾಗಿರುವ ಕ್ಯಾಸೆಟ್‌ಗಳನ್ನೂ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಲುಗಾಡದ ಸುರುಳಿಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ.

ವೈರಿಂಗ್

ಪಿಕೊದ ಪಿನ್‌ಗಳು 3.3 ವೋಲ್ಟಿನವು. 5 ವೋಲ್ಟನ್ನು ನೇರವಾಗಿ ಕೊಟ್ಟರೆ ಚಿಪ್ ಹಾಳಾಗುತ್ತದೆ. ಹಾಗಾಗಿ ರೀಡ್ ಸಿಗ್ನಲ್ಲನ್ನು 10 ಕಿಲೊ ಓಮ್ ಮೂಲಕ ಜಿಪಿ2 ಪಿನ್‌ಗೆ ತನ್ನಿ, ಅದೇ ಪಿನ್‌ನಿಂದ 20 ಕಿಲೊ ಓಮ್ ಗ್ರೌಂಡಿಗೆ ಹಾಕಿ. 5 ವೋಲ್ಟಿನ ಮೂರರಲ್ಲಿ ಎರಡು ಪಾಲು, ಅಂದರೆ 3.3, ಪಿಕೊಗೆ ತಲುಪುತ್ತದೆ. ಇದಕ್ಕೆ ಲೆವೆಲ್ ಶಿಫ್ಟರ್ ಮಾಡ್ಯೂಲ್ ಕೊಳ್ಳುವ ಅಗತ್ಯ ನನಗಂತೂ ಕಾಣಲಿಲ್ಲ. ವೈರ್ ಮಾತ್ರ ಚಿಕ್ಕದಿರಲಿ.

ಸೆನ್ಸ್ ಜಿಪಿ3ಕ್ಕೆ, 10 ಕಿಲೊ ಓಮ್‌ನಿಂದ 3.3 ವೋಲ್ಟಿಗೆ ಎಳೆದುಕೊಂಡು. ಡೇಟಾಸೆಟ್‌ನ 5 ವೋಲ್ಟನ್ನು ಪಿಕೊದ 40ನೇ ಪಿನ್‌ನಿಂದ ಕೊಡಿ. ಅದು ಯುಎಸ್‌ಬಿಯಿಂದ ಬರುವ 5 ವೋಲ್ಟ್.

ಮೋಟರಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಆರ್ಡುಯಿನೊ ಪಾಠಗಳಲ್ಲಿ ಮೋಟರಿನ ಗ್ರೌಂಡ್ ಕಡೆ ಟ್ರಾನ್ಸಿಸ್ಟರ್ ಹಾಕಿ ಆನ್-ಆಫ್ ಮಾಡುವುದನ್ನು ಕಲಿತಿರುತ್ತೇವೆ. ಇಲ್ಲಿ ಅದು ನಡೆಯುವುದಿಲ್ಲ. ಡೇಟಾಸೆಟ್ ಒಳಗೆ ಮೋಟರಿಗೂ ರೀಡ್ ಸರ್ಕ್ಯೂಟಿಗೂ ಗ್ರೌಂಡ್ ಒಂದೇ. ಮೇಲಿನ ಕಡೆಯಿಂದಲೇ, ಅಂದರೆ ಪ್ಲಸ್ ಕಡೆಯಿಂದಲೇ, ಕಟ್ ಮಾಡಬೇಕು.

ಹೀಗೆ ಮಾಡಿ. ಅಡಾಪ್ಟರಿನ 9 ವೋಲ್ಟ್ ಐಆರ್‌ಎಫ್9540ರ ಸೋರ್ಸ್‌ಗೆ. ಡ್ರೇನ್‌ನಿಂದ 7806ರ ಇನ್‌ಪುಟ್‌ಗೆ. 7806ರ ಔಟ್‌ಪುಟ್‌ನ 6 ವೋಲ್ಟ್ ಪ್ಲಗ್‌ನ 3ನೇ ಪಟ್ಟಿಗೆ. ಮಾಸ್‌ಫೆಟ್‌ನ ಗೇಟ್ ಮತ್ತು ಸೋರ್ಸ್ ನಡುವೆ 10 ಕಿಲೊ ಓಮ್. ಗೇಟನ್ನು ಬಿಸಿ547ರ ಕಲೆಕ್ಟರಿಗೆ ಸೇರಿಸಿ, ಎಮಿಟರ್ ಗ್ರೌಂಡಿಗೆ. ಜಿಪಿ4ರಿಂದ 4.7 ಕಿಲೊ ಓಮ್ ಮೂಲಕ ಬೇಸ್‌ಗೆ, ಬೇಸ್‌ನಿಂದ ಗ್ರೌಂಡಿಗೆ ಉಳಿದ 10 ಕಿಲೊ ಓಮ್. ಈ ಕೊನೆಯದು ಇದ್ದರೆ ಪಿಕೊ ಶುರುವಾಗುವ ಹೊತ್ತಿನಲ್ಲಿ ಮೋಟರ್ ತಾನಾಗಿ ಓಡುವುದಿಲ್ಲ. 7806ರ ಇನ್‌ಪುಟ್‌ಗೆ 0.33, ಔಟ್‌ಪುಟ್‌ಗೆ 0.1 ಮತ್ತು 100 ಮೈಕ್ರೊಫ್ಯಾರಡ್. ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಡಯೋಡ್, ಅದರ ಪಟ್ಟೆಯ ತುದಿ 6 ವೋಲ್ಟ್ ಕಡೆಗೆ.

ಅಡಾಪ್ಟರಿನ ಗ್ರೌಂಡ್, ಪಿಕೊದ ಗ್ರೌಂಡ್, ಪ್ಲಗ್‌ನ ಗ್ರೌಂಡ್ ಮೂರೂ ಒಂದೇ ಜಾಗದಲ್ಲಿ ಸೇರಲಿ. ಆ ಜಾಗ ಪ್ಲಗ್‌ನ 1ನೇ ಪಟ್ಟಿಯ ಹತ್ತಿರವೇ ಇರಲಿ. ನನ್ನ ಮೊದಲ ಬೋರ್ಡಿನಲ್ಲಿ ಮೋಟರಿನ ಕರೆಂಟ್ ಒಂದು ತೆಳು ವೈರಿನಲ್ಲಿ ಪಿಕೊವನ್ನು ಬಳಸಿಕೊಂಡು ಹೋಗುತ್ತಿತ್ತು. ಟೇಪೇ ಹಾಕದಿದ್ದರೂ ಸೆಕೆಂಡಿಗೆ ನೂರಾರು ಸುಳ್ಳು ಪಲ್ಸ್ ಬರುತ್ತಿದ್ದವು.

ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು 2ರಲ್ಲಿ 5, ಜಿಪಿ4 ಆನ್ ಮಾಡಿದಾಗ 3ರಲ್ಲಿ 6, ಆಫ್ ಮಾಡಿದಾಗ ಸೊನ್ನೆ ಇದೆಯೇ ಅಂತ ನೋಡಿ.

ಪಿಕೊ ಒಳಗಿನ ಪ್ರೋಗ್ರಾಂ

ಕೆಲಸ ಎರಡೇ. ಸೆನ್ಸ್ ಕೆಳಗಿಳಿದರೆ ಮೋಟರ್ ಆನ್, ಮೇಲೆದ್ದರೆ ಆಫ್. ಟೇಪನ್ನು ಹಿಂದೆ ಮುಂದೆ ಸುತ್ತುವುದಕ್ಕೂ ಅದೇ ಮೋಟರ್ ಬೇಕಲ್ಲ, ಹಾಗಾಗಿ ಯಾವ ಗುಂಡಿ ಒತ್ತಿದರೂ ಓಡಲಿ. ಎರಡನೆಯದು, ರೀಡ್ ಪಿನ್‌ನ ಒಂದು ಇಳಿತದಿಂದ ಇನ್ನೊಂದು ಇಳಿತಕ್ಕೆ ಎಷ್ಟು ಮೈಕ್ರೊಸೆಕೆಂಡ್ ಅಂತ ಎಣಿಸಿ ಯುಎಸ್‌ಬಿಯಲ್ಲಿ ಕಳಿಸುವುದು.

ಎಣಿಕೆಗೆ ಮೈಕ್ರೊಪೈಥಾನ್ ಭಾಷೆಯ ಇಂಟರಪ್ಟ್ (ಪಿನ್ ಬದಲಾದ ಕೂಡಲೇ ಪ್ರೋಗ್ರಾಂ ಅನ್ನು ತಡೆದು ಕರೆಯುವ ವ್ಯವಸ್ಥೆ) ಬಳಸಬೇಡಿ. ಅದು ನಡುನಡುವೆ ಮೆಮೊರಿ ಗುಡಿಸಲು ನಿಲ್ಲುತ್ತದೆ, ಆ ಹೊತ್ತಿನ ಪಲ್ಸ್‌ಗಳ ಲೆಕ್ಕ ತಪ್ಪುತ್ತದೆ. ಪಿಕೊದಲ್ಲಿ ಪಿಐಒ ಅನ್ನುವ ಪುಟ್ಟ ಸ್ವತಂತ್ರ ಯಂತ್ರಗಳಿವೆ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಒಂದನ್ನು 20 ಲಕ್ಷ ಹರ್ಟ್ಸ್ ವೇಗಕ್ಕೆ ಇಡಿ. ಎಣಿಕೆಯ ಒಂದು ಸುತ್ತಿಗೆ ಎರಡು ಸೂಚನೆ ಸಾಕು: ಒಂದು ಕಡಿಮೆ ಮಾಡು, ಪಿನ್ ನೋಡು. ಆಗ ಒಂದು ಸುತ್ತು ಸರಿಯಾಗಿ 1 ಮೈಕ್ರೊಸೆಕೆಂಡ್. ಎಣಿಕೆ 32 ಬಿಟ್‌ನದು, ಉಕ್ಕಲು 71 ನಿಮಿಷ ಬೇಕು. ಟೇಪಿನ ಖಾಲಿ ಜಾಗಕ್ಕೂ ತೊಂದರೆಯಿಲ್ಲ. ಪಿಐಒ ಕೊಟ್ಟದ್ದನ್ನು ಸಾಗಿಸುವ ಕಡೆಯನ್ನು ಸಿ ಭಾಷೆಯಲ್ಲಿ ಬರೆದರೆ ನಿಶ್ಚಿಂತೆ.

ಸೆಕೆಂಡಿಗೆ ಹೆಚ್ಚೆಂದರೆ ಕೆಲವು ಸಾವಿರ ಪಲ್ಸ್, ಒಂದೊಂದಕ್ಕೆ ನಾಲ್ಕು ಬೈಟ್. ಯುಎಸ್‌ಬಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಅರ್ಧ ಗಂಟೆಯ ಸೈಡ್ ಪೂರ್ತಿ ಪಿಕೊದ 264 ಕೆಬಿ ಮೆಮೊರಿಯಲ್ಲಿ ಹಿಡಿಯುವುದಿಲ್ಲ. ಬಂದ ಹಾಗೇ ಕಳಿಸುತ್ತಿರಬೇಕು.

ಇಲ್ಲಿ ನನ್ನದೊಂದು ಹಟವಿದೆ. ಪಿಕೊ ಒಳಗೆ ಯಾವ ಬುದ್ಧಿವಂತಿಕೆಯೂ ಬೇಡ. ತೀರಾ ಚಿಕ್ಕ ಪಲ್ಸ್ ಬಂತು, ಗದ್ದಲ ಇರಬೇಕು, ಬಿಟ್ಟುಬಿಡು ಅಂತೆಲ್ಲ ಬರೆಯಬೇಡಿ. ಬಂದದ್ದೆಲ್ಲ ಕಡತಕ್ಕೆ ಹೋಗಲಿ. ಟೇಪ್ ಇನ್ನೆಷ್ಟು ಸಲ ಓಡುತ್ತದೋ ಗೊತ್ತಿಲ್ಲ. ಕಡತವನ್ನಾದರೆ ಸಾವಿರ ಸಲ ಓದಬಹುದು. ಮಾಮನ ಕ್ಯಾಸೆಟ್‌ಗಳಲ್ಲಿ ಮೂರು ಟರ್ಬೊ (ಟೇಪಿಗೆ ವೇಗವಾಗಿ ಬರೆದು ಓದುವ) ಪ್ರೋಗ್ರಾಂನಿಂದ ಉಳಿಸಿದವು. ಅವುಗಳ ಪಲ್ಸ್ ಎರಡೇ ಬಗೆ, ಮಾಮೂಲಿಗಿಂತ ಚಿಕ್ಕವು. ನಾನು ಮೊದಲೇ ಶೋಧಿಸಿದ್ದರೆ ಅವೆಲ್ಲ ಕಸದ ಬುಟ್ಟಿಗೆ ಹೋಗುತ್ತಿದ್ದವು.

ಡೇಟಾಸೆಟ್ ಜೋಡಿಸುವ ಮೊದಲು ಒಂದು ಪರೀಕ್ಷೆ. ಜಿಪಿ5ರಿಂದ 500 ಮೈಕ್ರೊಸೆಕೆಂಡಿನ ಪಲ್ಸ್ ಹೊರಡಿಸಿ, ಒಂದು ಜಂಪರ್ ವೈರಿನಿಂದ ಜಿಪಿ2ಕ್ಕೆ ಕೊಡಿ. 498 ಅಥವಾ 499 ಅಂತ ಬಂದರೆ ಪ್ರತಿ ಪಲ್ಸ್‌ನಲ್ಲೂ ಒಂದೆರಡು ಸೂಚನೆಯ ಸಮಯ ಕಳೆದುಹೋಗುತ್ತಿದೆ ಅಂತ ಅರ್ಥ. ಅಷ್ಟನ್ನು ಕೂಡಿಸಿಬಿಡಿ.

ಮೂರು ಗುಡ್ಡ

ಈಗ ಕ್ಯಾಸೆಟ್ ಹಾಕಿ ಪ್ಲೇ ಒತ್ತಿ. ಬರುವ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ 0.985 ರಿಂದ ಗುಣಿಸಿ 8 ರಿಂದ ಭಾಗಿಸಿ. ಯುರೋಪಿನ ಕಮಡೋರ್ 64ರ ಗಡಿಯಾರ ಸೆಕೆಂಡಿಗೆ 9,85,248 ಸಲ ಬಡಿಯುತ್ತಿತ್ತು, ಅದಕ್ಕೆ ಈ ಗುಣಾಕಾರ. ಅಮೆರಿಕದ ಟೇಪ್ ಆದರೆ 1.023 ರಿಂದ ಗುಣಿಸಬೇಕು. ಯಾವ ಸಂಖ್ಯೆ ಎಷ್ಟು ಸಲ ಬಂತು ಅನ್ನುವುದನ್ನು ಗ್ರಾಫ್ ಮಾಡಿ ಪರದೆಯ ಮೇಲೆ ಬಿಡಿ, ಟೇಪ್ ಓಡುತ್ತಿದ್ದ ಹಾಗೇ ಬದಲಾಗುತ್ತಿರಲಿ.

ಮಾಮೂಲಿ ಸೇವ್ ಆದೇಶದಿಂದ ಉಳಿಸಿದ ಟೇಪ್ ಆದರೆ ಮೂರು ಗುಡ್ಡ ಕಾಣಬೇಕು: 48ರ ಸುತ್ತ ಒಂದು, 66ರ ಸುತ್ತ ಒಂದು, 86ರ ಹತ್ತಿರ ಒಂದು ಚಿಕ್ಕದು. ಗಿಡ್ಡ, ನಡು, ಉದ್ದ. ಸುಮಾರು 390, 536, 698 ಮೈಕ್ರೊಸೆಕೆಂಡ್. ಗುಡ್ಡಗಳ ನಡುವೆ ಬಯಲು ಇದ್ದರೆ ಟೇಪ್ ಓದಲು ಬರುತ್ತದೆ. ಒಂದರ ಇಳಿಜಾರು ಇನ್ನೊಂದಕ್ಕೆ ಸೇರಿದ್ದರೆ ಬರುವುದಿಲ್ಲ.

ಗುಡ್ಡ ಹರಡಿಕೊಂಡಿದ್ದರೆ ಹೆಡ್‌ನ ವಾಲಿಕೆ ತಪ್ಪಿದೆ ಅಂತ ಮೊದಲ ಗುಮಾನಿ. ಹೆಚ್ಚಿನ ಡೇಟಾಸೆಟ್‌ಗಳ ಮೇಲ್ಮೈಯಲ್ಲಿ ಒಂದು ಸಣ್ಣ ತೂತಿದೆ. ಪ್ಲೇ ಒತ್ತಿದಾಗ ಹೆಡ್ ಮುಂದೆ ಬಂದು, ಅದರ ಸ್ಕ್ರೂ ಆ ತೂತಿನ ನೇರಕ್ಕೆ ನಿಲ್ಲುತ್ತದೆ. ಸ್ಕ್ರೂ ಈಗಿರುವ ಸ್ಥಾನವನ್ನು ನೇಲ್ ಪಾಲಿಶ್‌ನಿಂದ ಗುರುತು ಮಾಡಿ. ಆಮೇಲೆ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿ ಪರದೆ ನೋಡಿ. ಗುಡ್ಡ ಕಿರಿದಾಗಿ ಎತ್ತರವಾಯಿತೇ, ಅದೇ ದಿಕ್ಕು. ಅಗಲವಾಯಿತೇ, ವಾಪಸು. ಈ ಯಂತ್ರಕ್ಕೆ ಸ್ಪೀಕರ್ ಇಲ್ಲವಲ್ಲ, ಶೃತಿ ಸೇರಿತೋ ಇಲ್ಲವೋ ಅಂತ ಕಿವಿಯಿಂದ ತಿಳಿಯುವ ಹಾಗಿಲ್ಲ. ಗ್ರಾಫೇ ಗತಿ. ಪ್ರತಿ ಟೇಪೂ ಅದನ್ನು ಬರೆದ ಯಂತ್ರದ ವಾಲಿಕೆಯನ್ನೇ ಹೊತ್ತಿರುತ್ತದೆ. ಹಾಗಾಗಿ ಬೇರೆಯವರಿಂದ ಬಂದ ಕ್ಯಾಸೆಟ್‌ಗೆ ಮತ್ತೆ ತಿರುಗಿಸಬೇಕಾಗಬಹುದು. ನನಗೆ ಉಳಿದ ಏಳರಲ್ಲಿ ಐದು ಬಂದದ್ದು ಈ ಸ್ಕ್ರೂವಿನಿಂದಲೇ.

ಗುಡ್ಡ ಪಕ್ಕಕ್ಕೆ ಸರಿದಿದ್ದರೆ, ಉದಾಹರಣೆಗೆ 50, 69, 90 ಅಂತ ಇದ್ದರೆ, ಮೋಟರಿನ ವೇಗ ಸ್ವಲ್ಪ ಬೇರೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಪ್ರೋಗ್ರಾಂನ ಮುಂದೆ 27,136 ಗಿಡ್ಡ ಪಲ್ಸ್ ಸಾಲಾಗಿ ಬರುತ್ತವೆ, ಹತ್ತು ಸೆಕೆಂಡಿಗೂ ಜಾಸ್ತಿ. ಅವುಗಳ ಸರಾಸರಿ ಹಿಡಿದು, ಅದು 48 ಆಗುವಂತೆ ಉಳಿದವನ್ನು ಆಮೇಲೆ ಹೊಂದಿಸಿಕೊಳ್ಳಬಹುದು. ಮೂಲ ಕಡತ ಮಾತ್ರ ಹಾಗೇ ಇರಲಿ.

57ರ ಹತ್ತಿರ ಹೊಸದೊಂದು ಗುಡ್ಡ ಎದ್ದಿದ್ದರೆ? ಇದು ನನ್ನನ್ನು ಎರಡು ದಿನ ಆಟ ಆಡಿಸಿತು. ಕಮಡೋರ್ ಪ್ರತಿ ಪಲ್ಸನ್ನೂ ಅರ್ಧ ಮೇಲೆ ಅರ್ಧ ಕೆಳಗೆ ಅಂತ ಸಮನಾಗಿ ಬರೆಯುತ್ತದೆ. ನೀವು ತಪ್ಪು ಅಂಚಿನಿಂದ ಅಳೆದರೆ ಒಂದು ಪಲ್ಸ್‌ನ ಅರ್ಧಕ್ಕೆ ಮುಂದಿನದರ ಅರ್ಧ ಸೇರುತ್ತದೆ. 48ರ ಅರ್ಧ 24, 66ರ ಅರ್ಧ 33, ಕೂಡಿದರೆ 57. ಟೇಪ್ ಸರಿಯಾಗಿಯೇ ಇದೆ, ಸಿಗ್ನಲ್ ತಲೆಕೆಳಗಾಗಿದೆ, ಅಷ್ಟೇ. ಪಿಐಒದಲ್ಲಿ ಇಳಿತದ ಬದಲು ಏರಿಕೆಯನ್ನು ಹಿಡಿಯಿರಿ.

ಟ್ಯಾಪ್ ಕಡತ

ಈ ಸಂಖ್ಯೆಗಳನ್ನು ಎಮ್ಯುಲೇಟರುಗಳಿಗೆ (ಇಂದಿನ ಕಂಪ್ಯೂಟರಿನಲ್ಲಿ ಕಮಡೋರ್ 64ರ ಹಾಗೆ ನಡೆದುಕೊಳ್ಳುವ ಪ್ರೋಗ್ರಾಂಗಳಿಗೆ) ಗೊತ್ತಿರುವ ಟ್ಯಾಪ್ ರೂಪಕ್ಕೆ ತರುವುದು ಸುಲಭ. ಮೊದಲ 20 ಬೈಟ್ ತಲೆಬರಹ: 12 ಅಕ್ಷರದ ಗುರುತು, ಆವೃತ್ತಿಯ ಒಂದು ಬೈಟ್ (ಇಲ್ಲಿ 1 ಹಾಕಿ), ಮೂರು ಬೈಟ್ ಸೊನ್ನೆ, ಮುಂದಿರುವ ಮಾಹಿತಿಯ ಉದ್ದಕ್ಕೆ ನಾಲ್ಕು ಬೈಟ್, ಚಿಕ್ಕ ಸ್ಥಾನದ ಬೈಟ್ ಮೊದಲು. ಅಲ್ಲಿಂದಾಚೆಗೆ ಪಲ್ಸಿಗೊಂದು ಬೈಟ್, 8 ರಿಂದ ಭಾಗಿಸಿದ ಆ ಸಂಖ್ಯೆಯೇ. 255 ದಾಟಿದರೆ ಒಂದು ಸೊನ್ನೆ ಬರೆದು, ಭಾಗಿಸದ ಪೂರ್ತಿ ಎಣಿಕೆಯನ್ನು ಮುಂದಿನ ಮೂರು ಬೈಟ್‌ಗಳಲ್ಲಿ ಇಡಿ. ಮೂರು ಬೈಟ್‌ಗೆ ಸುಮಾರು 17 ಸೆಕೆಂಡ್ ಹಿಡಿಯುತ್ತದೆ. ಅದಕ್ಕಿಂತ ಉದ್ದದ ಮೌನವನ್ನು ತುಂಡು ಮಾಡಿ ಬರೆಯಿರಿ. ವೈಸ್ ಎಮ್ಯುಲೇಟರಿಗೆ ಈ ಕಡತ ಕೊಟ್ಟು ಲೋಡ್ ಅಂದರೆ, ಅದು ನಿಜವಾದ ಟೇಪಿನಷ್ಟೇ ನಿಧಾನವಾಗಿ ಓದುತ್ತದೆ.

ಅದು ತಪ್ಪು ತೋರಿಸಿದರೆ ನೀವೇ ಬಿಡಿಸಿ ನೋಡಬೇಕು. ಒಂದು ಬೈಟ್ ಅಂದರೆ 20 ಪಲ್ಸ್. ಉದ್ದ-ನಡು ಜೋಡಿ ಬಂದರೆ ಬೈಟ್ ಶುರು. ಗಿಡ್ಡ-ನಡು ಅಂದರೆ ಸೊನ್ನೆ, ನಡು-ಗಿಡ್ಡ ಅಂದರೆ ಒಂದು. ಎಂಟು ಬಿಟ್, ಚಿಕ್ಕ ಸ್ಥಾನದಿಂದ ಶುರು, ಕೊನೆಗೊಂದು ಬೆಸ ಪ್ಯಾರಿಟಿ (ಒಂದುಗಳ ಎಣಿಕೆ ಬೆಸವಾಗುವಂತೆ ಸೇರಿಸುವ, ತಪ್ಪು ಹಿಡಿಯುವ ಬಿಟ್). ಒಟ್ಟು ಸುಮಾರು 9.6 ಮಿಲಿಸೆಕೆಂಡ್. ಅದರ ಮೇಲೆ ಪ್ರತಿ ಭಾಗವನ್ನೂ ಎರಡೆರಡು ಸಲ ಬರೆಯುತ್ತಾರೆ, ಹಾಗಾಗಿ ಸೆಕೆಂಡಿಗೆ ಐವತ್ತು ಚಿಲ್ಲರೆ ಬೈಟ್. ಆಗ ಜನ ಲೋಡ್ ಕೊಟ್ಟು ಕಾಫಿ ಕುಡಿದು ಬರುತ್ತಿದ್ದರು ಅಂತ ಮಾಮ ಹೇಳುವುದು ಸುಳ್ಳಲ್ಲ.

ಆ ಎರಡೆರಡು ಸಲವೇ ನಮಗೆ ವರ. ಮೊದಲ ಪ್ರತಿಯ ಮುಂದೆ 137ರಿಂದ 129ರವರೆಗೆ ಇಳಿಯುವ ಒಂಬತ್ತು ಬೈಟ್ ಇರುತ್ತವೆ, ಎರಡನೆಯದರ ಮುಂದೆ 9ರಿಂದ 1ರವರೆಗೆ. ಮೊದಲ ಪ್ರತಿಯಲ್ಲಿ ಯಾವ ಬೈಟ್‌ನ ಪ್ಯಾರಿಟಿ ತಪ್ಪಿದೆಯೋ ಅದನ್ನು ಎರಡನೆಯದರಿಂದ ತೆಗೆದುಕೊಳ್ಳಿ. ಎಲ್ಲ ಬೈಟ್‌ಗಳನ್ನೂ ಎಕ್ಸ್‌ಆರ್ (ಎರಡು ಬಿಟ್ ಬೇರೆ ಬೇರೆ ಇದ್ದರೆ ಒಂದು, ಒಂದೇ ಆಗಿದ್ದರೆ ಸೊನ್ನೆ ಕೊಡುವ ಲೆಕ್ಕ) ಮಾಡಿದ್ದು ಕೊನೆಯ ಬೈಟ್‌ಗೆ ತಾಳೆಯಾದರೆ ಗೆದ್ದಿರಿ. ಎರಡೂ ಪ್ರತಿಯಲ್ಲಿ ಒಂದೇ ಜಾಗ ಕೆಟ್ಟಿದ್ದರೆ ಟೇಪನ್ನು ಇನ್ನೆರಡು ಸಲ ಓಡಿಸಿ, ಆ ಕಡತಗಳನ್ನೂ ಜೊತೆಗೆ ಹೋಲಿಸಿ. ಹೀಗೆ ಹತ್ತನೆಯ ಕ್ಯಾಸೆಟ್ ಬಂತು. ಹನ್ನೊಂದನೆಯದು ಬರಲಿಲ್ಲ, ಅದರ ಮಧ್ಯದಲ್ಲಿ ಟೇಪ್ ಸುಕ್ಕಾಗಿದೆ.

ಮೊದಲು ಸಿಗುವ 192 ಬೈಟ್‌ನ ಭಾಗದಲ್ಲಿ ಕಡತದ ಬಗೆ, ಎಲ್ಲಿಂದ ಎಲ್ಲಿಗೆ ಅನ್ನುವ ವಿಳಾಸ, ಆಮೇಲೆ 16 ಅಕ್ಷರದ ಹೆಸರು. ಪ್ರೋಗ್ರಾಂನ ಉಳಿದ ಭಾಗ ಹೋಗಿದ್ದರೂ ಹೆಸರಾದರೂ ತಿಳಿಯುತ್ತದೆ.

ವಾಪಸು ಬರೆಯುವುದು, ಬೇರೆ ಕ್ಯಾಸೆಟ್‌ಗಳು

ಬರೆಯುವುದು ಓದುವುದಕ್ಕಿಂತ ಸುಲಭ. ಜಿಪಿ5ನ್ನು 5 ವೋಲ್ಟಿನಲ್ಲಿ ಓಡುವ 74ಎಚ್‌ಸಿಟಿ125 ಮೂಲಕ ರೈಟ್‌ಗೆ ಕೊಡಿ. ಎಚ್‌ಸಿಟಿ ಜಾತಿಯ ಐಸಿ 3.3 ವೋಲ್ಟನ್ನು ಆನ್ ಅಂತಲೇ ತಿಳಿಯುತ್ತದೆ. ಕಡತದ ಪ್ರತಿ ಸಂಖ್ಯೆಗೂ ಅರ್ಧ ಸಮಯ ಮೇಲೆ, ಅರ್ಧ ಕೆಳಗೆ. ಮಾಮೂಲಿ ಫೆರಿಕ್ ಟೇಪಿನ ಸಿ-60 ಬಳಸಿ. ಕ್ರೋಮ್ ಬೇಡ, ತೆಳುವಾದ ಸಿ-120 ಖಂಡಿತ ಬೇಡ.

ನಮ್ಮಲ್ಲಿ ಕಮಡೋರ್ ಕ್ಯಾಸೆಟ್ ಸಿಗುವುದು ಅಪರೂಪ. 1984ರಲ್ಲಿ ಶುರುವಾದ ಕ್ಲಾಸ್ ಅನ್ನುವ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೊ ಕಂಪ್ಯೂಟರ್. ಅದರ ಕ್ಯಾಸೆಟ್ ಕೈಗೆ ಸಿಕ್ಕರೂ ಈ ಬೋರ್ಡು ಕೆಲಸಕ್ಕೆ ಬರುತ್ತದೆ, ಆದರೆ ಅಲ್ಲಿ ಡೇಟಾಸೆಟ್ ಇಲ್ಲ. ಮಾಮೂಲಿ ರೆಕಾರ್ಡರಿನ ಇಯರ್‌ಫೋನ್ ಸಾಕೆಟ್‌ನಿಂದ ಬರುವ ಅಲೆಯನ್ನು ಎಲ್‌ಎಂ393 ಕಂಪ್ಯಾರೇಟರ್‌ಗೆ ಕೊಟ್ಟು ನೀವೇ ಚೌಕ ಮಾಡಿಕೊಳ್ಳಬೇಕು. ಅದರ ಔಟ್‌ಪುಟ್ಟನ್ನು 10 ಕಿಲೊ ಓಮ್‌ನಿಂದ 3.3 ವೋಲ್ಟಿಗೆ ಎಳೆದರೆ ನೇರವಾಗಿ ಜಿಪಿ2ಕ್ಕೆ ಹೋಗಬಹುದು. ಗ್ರಾಫ್‌ನಲ್ಲಿ ಆಗ ಮೂರು ಗುಡ್ಡದ ಬದಲು ಎರಡು ಕಾಣುತ್ತವೆ: 1200 ಹರ್ಟ್ಸ್‌ನ ಒಂದು ಅಲೆ ಬಂದರೆ ಸೊನ್ನೆ, 2400 ಹರ್ಟ್ಸ್‌ನ ಎರಡು ಅಲೆ ಬಂದರೆ ಒಂದು.